ಡಿ. ಈಶ್ವರಪ್ಪ ಎಲ್ಲಿದ್ದರೂ ಬರಬೇಕು

ಹಲೋ... ಹಲೋ, ಯಾರು ಮಾತಾಡ್ತಿರೋದು? ಲಕ್ಷ್ಮೀನಾ?

...

ನಾನು ಕಣೇ, ನಾನು! ಯಾವ ನಾನು ಅಂದ್ರೆ? ನಿನ್ನ ಗಂಡ. ಕೆ. ಈಶ್ವರಪ್ಪ, ಬ್ಯಾಂಕ್ ಸೀನಿಯರ್ ಮ್ಯಾನೇಜರ್, ಗವರ್ನರ್‌ಪೇಟೆ ಬ್ರಾಂಚ್. ಸಾಕಾ, ಆಧಾರ್ ಕಾರ್ಡೂ ತೋರಿಸ್ಲಾ?

...

ನಂಬರ್ ಬೇರೆ ಇರುತ್ತೆ. ನನ್ನ ಫೋನು ಸತ್ತು ಮಲಗಿದೆ. ರೈಲಲ್ಲಿ ಚಾರ್ಜಿಗೇನೋ ಹಾಕಿದ್ದೆ, ಸ್ವಿಚ್ ಒತ್ತಿರ್ಲಿಲ್ಲ. ಇದು ಆಟೋ ಬಾಬ್ಜಿ ಅವರ ಫೋನು. ಸ್ಟೇಷನ್ನಿಂದ ಕರ್ಕೊಂಡು ಬಂದೋರು, ಪಾಪ, ಫೋನು ಬಿಟ್ಟು ಹೋಗೋಕಾಗ್ದೆ ನನ್ನ ಹಿಂದೆಹಿಂದೇನೇ ಸುತ್ತುತ್ತಿದಾರೆ. ನಿನ್ನ ನಂಬರ್ ಒಂದೇ ನನಗೆ ಬಾಯಿಗೆ ಬರೋದು, ಅದಕ್ಕೇ ನಿಂಗೆ ಮಾಡ್ದೆ... ಹಾಂ ಬಾಬ್ಜಿ ಗಾರು, ಒಕ್ಕ ನಿಮಿಷಂ, ಒಕ್ಕಟೇ ನಿಮಿಷಂ!

...

ವೈಜಾಗೂ ತಲುಪಿದೀನಿ, ಯೂನಿವರ್ಸಿಟಿನೂ ತಲುಪಿದೀನಿ. ನಿನ್ನ ಮಗಳು ಸಿಕ್ತಿಲ್ಲ, ಅಷ್ಟೇ.

...

ಏನೇ ಹಾಗೆ ಕಿರುಚ್ತೀಯ! ನಿನ್ನ ಕಾಲಿಗೆ ಕಟ್ಟು ಹಾಕಿದಾರೆ, ಮೊದಲು ಕೂತ್ಕೋ. ಮತ್ತೆ ಆ ಬಾಲ್ಕನಿ ಬಾಗಿಲು ಹಾಕು, ಬೆಂಜ್ ಸರ್ಕಲ್ ಹಾರನ್ನೆಲ್ಲ ನನ್ನ ಕಿವಿಯಲ್ಲಿ ಹೊಡೀತಿದೆ.

...

ಗೊತ್ತು ಕಣೇ, ಗೊತ್ತು. ಹೋದ ವರ್ಷ ಸ್ಟೇಜ್ ಹತ್ತಿ, ಗಂಟಲು ಕಟ್ಟಿ, ಒಂದು ಮಾತೂ ಆಡದೆ ಇಳಿದು ಬಂದಿದ್ಲು. ಈ ಸಲ ಮುಂದಿನ ಸಾಲಲ್ಲಿ ನೀನಿರ್ಬೇಕು ಅಪ್ಪಾ, ನಿನ್ನ ಮುಖ ನೋಡ್ಕೊಂಡು ಮಾತಾಡ್ತೀನಿ ಅಂದಿದಾಳೆ. ನನಗೇನು ಮರೆವಾ? ಅದಕ್ಕೇ ತಾನೆ ರಜ ಹಾಕಿ ಬಂದಿರೋದು.

...

ಹುಡುಕ್ತಾನೇ ಇದೀನಿ! ಇದೇನು ಒಂದು ಹಾಲಾ? ಸಂಶೋಧನಾ ಮೇಳ ಅಂತೆ, ಜಾತ್ರೆ ಆಗಿದೆ. ಸೈನ್ಸಿಗೊಂದು ಹಾಲ್, ಇಂಜಿನಿಯರಿಂಗಿಗೊಂದು, ಕಾನೂನಿಗೊಂದು, ಆರೋಗ್ಯಕ್ಕೊಂದು. ಬಾಗಿಲಲ್ಲಿ ಕೂತಿರೋ ಹುಡುಗಿ, ಬ್ಯಾಡ್ಜಲ್ಲಿ ಉಷಶ್ರೀ ಅಂತಿತ್ತು, ನಿಮ್ಮ ಮಗಳದು ಯಾವ ಸಬ್ಜೆಕ್ಟ್ ಅಂಡಿ ಅಂದ್ಲು. ಪಿಎಚ್‌.ಡಿ. ಅಂದೆ. ನಕ್ಕಳು.

...

ಹೆಸರು ಹೇಳ್ದೆ ಇರ್ತೀನಾ? ಧನ್ಯಾ ಅಂದೆ. ಕಂಪ್ಯೂಟರಲ್ಲಿ ಹುಡುಕಿ, ಧನ್ಯಾ ಅನ್ನೋರು ಯಾರೂ ಇವತ್ತು ಮಾತಾಡ್ತಿಲ್ಲ ಅಂದುಬಿಟ್ಲು.

...

ಅದನ್ನೇ ನಿಂಗೆ ಕೇಳೋಕೆ ಮಾಡಿದ್ದು. ಅವಳದು ಯಾವ ಸಬ್ಜೆಕ್ಟು?

...

ಹಲೋ? ಲೈನಲ್ಲಿದೀಯಾ?

...

ನಿಂಗೂ ಗೊತ್ತಿಲ್ಲ ಅನ್ನು. ದಿನಾ ಮುಕ್ಕಾಲು ಗಂಟೆ ಏನು ಮಾತಾಡ್ತೀರಿ ಅಮ್ಮ ಮಗಳು? ಬರೀ ಅಡುಗೇನಾ?

...

ನಾನು ಕೇಳಿದ್ದೆ! ನಾಲ್ಕು ಡಿಪಾರ್ಟ್‌ಮೆಂಟೂ ಸೇರಿರೋ ಸೆಂಟರ್ ಅಪ್ಪಾ, ನಾಲ್ಕು ಜನ ಗೈಡು ಅಂದ್ಲು. ಒಬ್ಬ ಮ್ಯಾನೇಜರ್ ಕೈಕೆಳಗೇ ಕೆಲಸ ಮಾಡೋದು ಕಷ್ಟ, ನಾಲ್ಕು ಜನರ ಕೈಕೆಳಗೆ ಹೇಗಮ್ಮಾ ಅಂತ ಸಮಾಧಾನ ಹೇಳಿ ಫೋನ್ ಇಟ್ಟೆ.

...

ಏನಂದೆ? ಉಪ್ಪಾ? ಉಪ್ಪಿನ ವಿಷಯಾನಾ? ಸರಿಯಾಗಿ ಜ್ಞಾಪಿಸ್ಕೋ.

...

ಅಯ್ಯೋ ದೇವ್ರೇ. ಇಲ್ಲಿ ಎಲ್ಲರದ್ದೂ ಉಪ್ಪೇ ಕಣೇ! ಸಮುದ್ರ ಪಕ್ಕದಲ್ಲೇ ಇದೆಯಲ್ಲ. ಸೈನ್ಸ್ ಹಾಲಿಗೆ ಹೋದೆ, ಒಬ್ಬ ಸಮುದ್ರದ ನೀರು ನೆಲದೊಳಗಿಂದ ಬಾವಿಗೆ ಹೇಗೆ ಬರುತ್ತೆ ಅಂತ ಬಣ್ಣ ಹಾಕಿದ ಮರಳಲ್ಲಿ ತೋರಿಸ್ತಿದ್ದ. ಇಂಜಿನಿಯರಿಂಗಿಗೆ ಹೋದೆ, ಉಪ್ಪುಗಾಳಿಗೆ ಸೇತುವೆ ಒಳಗಿನ ಕಬ್ಬಿಣ ಹೇಗೆ ತುಕ್ಕು ಹಿಡಿಯುತ್ತೆ ಅಂತ. ಇದೇ ಊರಲ್ಲಿ ನಾವು ಮುಂಚೆ ಇದ್ದ ಗಾಜುವಾಕ ಮನೆ ಕಿಟಕಿ ಸರಳು ಕೈಗೇ ಉದುರ್ತಿತ್ತಲ್ಲ, ನೆನಪಾಗಿ ಅಲ್ಲೇ ಕೂತ್ಬಿಟ್ಟೆ.

...

ಸ್ವಲ್ಪ ಹೊತ್ತು ಅಷ್ಟೇ! ಪ್ರಶ್ನೆ ಇದ್ರೆ ಕೇಳಿ ಅಂದ್ರು, ಕೇಳ್ದೆ.

...

ಇಂಥ ಸೇತುವೆ ಮೇಲೆ ಬ್ಯಾಂಕು ಸಾಲ ಕೊಡಬಹುದಾ ಅಂತ. ಎಲ್ಲರೂ ನಕ್ರು. ನಗೋ ಮಾತಾ ಅದು? ಆ ಹುಡುಗನ ಮುಖ ಮಾತ್ರ ಸಣ್ಣಗಾಯ್ತು, ಪಾಪ.

...

ಆರೋಗ್ಯದ ಹಾಲಲ್ಲಿ ಒಳಗೆ ಬಿಡೋಕೆ ಮುಂಚೆ ಎಲ್ಲರಿಗೂ ಬಿಪಿ ನೋಡ್ತಿದಾರೆ. ಉಪ್ಪಿನಕಾಯಿ ಎಷ್ಟು ತಿಂತೀರಿ ಅಂತ ಕೇಳಿದ್ರು. ಎಲ್ಲೋ ಹಬ್ಬಕ್ಕೆ ಹುಣ್ಣಿಮೆಗೆ ಅಂದೆ.

...

ನಗಬೇಡ. ಆವಕಾಯಿ ಜಾಡಿ ಖಾಲಿ ಆಗೋದು ನಿಂಗೆ ಗೊತ್ತು, ಅವರಿಗೇನು ಗೊತ್ತು? ಆದ್ರೆ ಈಗ ಭಯ ಆಗ್ತಿದೆ ಕಣೇ. ನನ್ನೊಬ್ಬನಿಂದ ಅವರ ಸಂಶೋಧನೆಯೆಲ್ಲ ತಪ್ಪಾಗಿಬಿಟ್ರೆ?

...

ಕಾನೂನಿನ ಹಾಲಿಗೆ ಹೋಗಿಲ್ಲ. ಉಪ್ಪಿಗೂ ಕಾನೂನಿಗೂ ಏನು ಸಂಬಂಧ?

...

ಹಾಂ? ಗಾಂಧೀಜಿನಾ?

...

ಹೌದಲ್ವಾ... ಸರಿ, ಸರಿ, ನೀನು ಬುದ್ಧಿವಂತೆ, ಒಪ್ಕೊಂಡೆ. ಅಲ್ಲಿಗೇ ಹೊರಟೆ. ಅಬ್ಬಾ, ಈ ಮೈಕ್ ಒಂದು! ಕೇಳಿಸ್ತಾ ನಿಂಗೆ? ಬಂದಾಗಿಂದ ನನ್ನ ಹೆಸರೇ ಕೂಗ್ತಿದಾರೆ.

...

ನನ್ನನ್ನಲ್ಲ. ಇಲ್ಲಿ ಯಾವನೋ ಇನ್ನೊಬ್ಬ ಈಶ್ವರಪ್ಪ ಇದಾನೆ. ಡಿ. ಈಶ್ವರಪ್ಪ. ಡಿ. ಈಶ್ವರಪ್ಪ ಎಲ್ಲಿದ್ದರೂ ವೇದಿಕೆಗೆ ಬರಬೇಕು ಅಂತ ಎರಡು ಸಲ ಆಯ್ತು. ಮೊದಲನೇ ಸಲ ನಾನೇ ಅನ್ಕೊಂಡು ಟೈ ಸರಿ ಮಾಡ್ಕೊಂಡೆ. ಮೂರನೇ ಸಲಕ್ಕೂ ಬರದೆ ಹೋದ್ರೆ ಸರದಿ ರದ್ದಂತೆ. ಎಂಥಾ ಬೇಜವಾಬ್ದಾರಿ ಮನುಷ್ಯ ಇರಬೇಕು ನೋಡು! ಅವನ ಅಪ್ಪ ಅಮ್ಮ ಎಷ್ಟು ಆಸೆ ಇಟ್ಕೊಂಡು...

...

ಏನು? ಸಿಲಿಂಡರಾ? ಈಗ್ಯಾಕೆ ಗ್ಯಾಸ್ ಸಿಲಿಂಡರ್ ವಿಷಯ?

...

ಹೌದು, ಸಿಲಿಂಡರ್ ತರೋನು ಎಲ್. ಈಶ್ವರಪ್ಪ ಗಾರು ಇದಾರಾ ಅಂತ ಬಾಗಿಲು ಬಡೀತಾನೆ. ನಾನು ಎಲ್ ಅಲ್ಲಯ್ಯಾ, ಕೆ ಅಂತ ಜಗಳಾನೂ ಆಡಿದೀನಿ. ಬುಕಿಂಗ್ ಇರೋದು ನಿನ್ನ ಹೆಸರಲ್ಲಿ, ಲಕ್ಷ್ಮೀ ಈಶ್ವರಪ್ಪ ಅಂತ. ಅದಕ್ಕೂ ಇದಕ್ಕೂ...

...

ನಿಧಾನಕ್ಕೆ ಹೇಳು. ಇಲ್ಲಿಯವರಿಗೆ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅಲ್ವಾ? ಅಂದ್ರೆ ಲಕ್ಷ್ಮೀ ಈಶ್ವರಪ್ಪ ಅಂತಿದ್ರೆ, ಲಕ್ಷ್ಮೀ ಅನ್ನೋದು ಮನೆತನ, ಈಶ್ವರಪ್ಪ ಅನ್ನೋದು ಆಳು. ಹಾಗಾದ್ರೆ ಧನ್ಯಾ ಈಶ್ವರಪ್ಪ...

...

ಡಿ. ಈಶ್ವರಪ್ಪ!

...

ಅಯ್ಯೋ ನನ್ನ ಬುದ್ಧಿಗಿಷ್ಟು! ನನ್ನ ಮಗಳನ್ನೇ ಬೇಜವಾಬ್ದಾರಿ ಮನುಷ್ಯ ಅಂದ್ನಲ್ಲೇ! ಹಿಡ್ಕೊಂಡಿರು, ಫೋನ್ ಇಡಬೇಡ, ಓಡ್ತಿದೀನಿ. ಬಾಬ್ಜಿ ಗಾರು, ಬನ್ನಿ, ಬನ್ನಿ! ನನ್ನ ಮಗಳು! ಮೂರನೇ ಸಲ ಕೂಗಿಬಿಟ್ರೆ ಮುಗೀತು.

...

ಹತ್ತು... ಹತ್ತುತ್ತಿದೀನಿ. ಮೆಟ್ಟಿಲು. ಆವಕಾಯಿ ವಿಷಯ ಈಗ ಎತ್ತಬೇಡ.

...

ಹಾಂ, ಕಾನೂನಿನ ಹಾಲೇ. ಬಾಗಿಲಲ್ಲಿದೀನಿ... ಅಲ್ಲೇ ಇದಾಳೆ ಕಣೇ! ಸ್ಟೇಜ್ ಮೆಟ್ಟಿಲ ಹತ್ರ. ನೀನು ಕೊಟ್ಟ ನೇರಳೆ ಸೀರೆ ಉಟ್ಟಿದಾಳೆ. ಎರಡು ಸಲ ಕೂಗಿದ್ರೂ ಹತ್ತಿಲ್ಲ, ಬಾಗಿಲು ನೋಡ್ಕೊಂಡೇ ನಿಂತಿದಾಳೆ.

...

ನನಗೆ ಕಾಯ್ಕೊಂಡು. ಮತ್ಯಾರಿಗೆ?

...

ಕೈ ಎತ್ತಿದೆ. ಎರಡೂ ಕೈ ಎತ್ತಿದೆ. ನೋಡಿದ್ಲು! ನಕ್ಕಳು. ಹತ್ತುತ್ತಿದಾಳೆ ಲಕ್ಷ್ಮೀ, ಹತ್ತಿದ್ಲು. ಮೂರನೇ ಸಲ ಕೂಗೋಕೆ ಹೊರಟೋನು ಬಾಯಿ ಮುಚ್ಚಿದ.

...

ತಾಳು, ಪರದೆ ಮೇಲೆ ಏನೋ ಹಾಕಿದ್ರು... ಏಯ್! ನಿನ್ನ ಕುಕ್ಕರ್ ಕಣೇ!

...

ಆಣೆಗೂ! ಗಾಜುವಾಕ ಮನೇದು, ಹಿಡಿ ಮುರಿದಿತ್ತಲ್ಲ, ಅದೇ. ಬಿಳೀ ಉಪ್ಪು ಕಟ್ಟಿಕೊಂಡಿರೋದೂ ಕಾಣಿಸ್ತಿದೆ. ಇಡೀ ಹಾಲ್ ನಿನ್ನ ಕುಕ್ಕರ್ ನೋಡ್ತಿದೆ.

...

ಮರ್ಯಾದೆ ಹೋಯ್ತಾ? ಕೇಳಿಲ್ಲಿ ಏನು ಹೇಳ್ತಿದಾಳೆ ಅಂತ. ನಮ್ಮ ಬೋರ್‌ವೆಲ್ ನೀರಲ್ಲಿ ಅಮ್ಮನ ಬೇಳೆ ಬೇಯ್ತಿರ್ಲಿಲ್ಲ, ದಿನಾ ಬೈಕೋತಿದ್ಲು, ನನ್ನ ಸಂಶೋಧನೆ ಅಲ್ಲಿಂದ ಶುರುವಾಯ್ತು ಅಂತಿದಾಳೆ. ಉಪ್ಪು ಎಲ್ಲಿಂದ ಬಂತು ಅಂತ ಸೈನ್ಸನ್ನ ಕೇಳ್ದೆ, ಏನೇನು ತಿಂದು ಹಾಕ್ತು ಅಂತ ಇಂಜಿನಿಯರಿಂಗನ್ನ ಕೇಳ್ದೆ, ಕುಡಿದೋರಿಗೆ ಏನಾಯ್ತು ಅಂತ ಡಾಕ್ಟರನ್ನ ಕೇಳ್ದೆ. ಸಿಹಿನೀರಿನ ಬಾವಿ ಉಪ್ಪಾದ್ರೆ ಯಾರನ್ನ ಕೇಳಬೇಕು ಅನ್ನೋದೊಂದು ಉಳಿದಿತ್ತು, ಅದಕ್ಕೇ ಈ ಹಾಲಿಗೆ ಬಂದೆ ಅಂತಿದಾಳೆ.

...

ನೀನು ಅಳ್ತಿದೀಯಾ?

...

ಬೇಳೆ ಬೇಯಲ್ಲ ಅಂತ ನೀನು ಕೂಗಾಡಿದಾಗ ನಾನು ಪೇಪರ್ ಓದ್ತಾ ಕೂತಿರ್ತಿದ್ದೆ. ಕೇಳಿಸ್ಕೊಂಡಿದ್ದು ಅವಳೊಬ್ಬಳೇ ನೋಡು.

...

ಇರು, ಯಾರೋ ಬಂದ್ರು. ಹಾಂ ಸರ್, ಮೆಲ್ಲಗೆ ಮಾತಾಡ್ತೀನಿ... ನಾನಾ? ಈಶ್ವರಪ್ಪ ಗಾರಾ? ಅಲ್ಲ ಅಂಡಿ. ಈಶ್ವರಪ್ಪ ಅಂದ್ರೆ ಅವಳು, ಅಲ್ಲಿ ಮಾತಾಡ್ತಿದಾಳಲ್ಲ, ಅವಳು. ನಾನು ಅವಳ ಅಪ್ಪ, ಅಷ್ಟೇ... ಮುಂದಿನ ಸಾಲಿಗಾ? ಹಾಂ ಹಾಂ, ಅಲ್ಲೇ ಕೂತ್ಕೋಬೇಕು ನಾನು.

...

ಕೂತೆ ಕಣೇ. ನನ್ನನ್ನೇ ನೋಡ್ಕೊಂಡು ಮಾತಾಡ್ತಿದಾಳೆ. ಬಾಬ್ಜಿ ಅವರ ಫೋನು ಕುಯ್ ಕುಯ್ ಅಂತಿದೆ, ಇದೂ ಸಾಯುತ್ತೆ ಈಗ.

...

ಇಲ್ಲ, ಇಲ್ಲ ಲಕ್ಷ್ಮೀ, ಅವಳ ಗಂಟಲು ಕಟ್ಟಿಲ್ಲ. ಈ ಸಲ ನಂದೇ...