ಪೆನ್ಸಿಲ್ಲಿನ ಕೃತ್ತಿಕೆ

ಶಿಕಾರಿಪುರದ ಕಣ್ಣಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ತೊಗರ್ಸಿಯ ದಂಪತಿ ಕೂತಿದ್ದರು. ಗಂಡನ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು. ಗಂಡನ ತೊಡೆಯ ಮೇಲೆ, ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ನಕ್ಷತ್ರ ಕಂಡವೆಂದು ದಿನವೂ ನೋಡಿ ಬರೆದಿಟ್ಟ ನೋಟ್‌ಬುಕ್ಕಿತ್ತು.

“ಹಂಗಾದ್ರೆ ಕೃತ್ತಿಕೆ ಮಸುಕಾಗಿದ್ದು ಪಕ್ಕದ್ಮನೆ ಲೋಕಪ್ಪನ ಲೈಟಿಂದಲ್ಲ.”

“ಅಲ್ರೀ.”

“ದೀಪಾವಳಿಯಿಂದ ಅವನ್ನ ಮಾತಾಡ್ಸಿಲ್ಲ ನಾನು. ನಿಂಗೆಷ್ಟು ನಕ್ಷತ್ರ ಕಾಣ್ತಿದ್ವು?”

“ಆರೂ ಕಾಣ್ತಿದ್ವು.”

“ಲೈಟ್ ಉರೀತಿದ್ರೂ?”

“ಹೂಂ.”

“ಒಂದ್ ಮಾತು ಹೇಳಬಾರ್ದಾ?”

“ನೀವು ಲೈಟಿನ ಮೇಲೆ ಸಿಟ್ಟಾಗಿದ್ರಿ. ನಿಮ್ಮ ಕಣ್ಣೇ ಮಂಜಾಗ್ತೈತೆ ಅಂತ ಹೆಂಗ್ರೀ ಹೇಳ್ಲಿ?”

ಅವರು ಹಾಳೆ ಹರಿಯಲು ಹೋದರು. ಆಕೆ ಕೈ ಹಿಡಿದರು.

“ಹರೀಬ್ಯಾಡ್ರಿ. ನೀವು ಬರ್ದಿದ್ರ ಪಕ್ಕ ನಂಗೆ ಕಂಡಿದ್ದೂ ಪೆನ್ಸಿಲ್ನಾಗೆ ಬರ್ದೀನಿ.”

“ಎಲ್ಲಿ? ದಿನಾ ಇದೇ ಹಾಳೆ ನೋಡ್ತಿದ್ನಲ್ಲ.”

“ನೋಡ್ತಿದ್ರಿ. ನಿಮ್ಗೆ ಕಾಣ್ತಿರ್ಲಿಲ್ಲ.”

ಆಪರೇಷನ್ನಿನ ದಿನ ಗೊತ್ತುಮಾಡಲು ನರ್ಸ್ ಕರೆದಳು. ಅವರು ನೋಟ್‌ಬುಕ್ಕನ್ನು ಹೆಂಡತಿಯ ಕೈಗಿಟ್ಟು, ಆಕೆಯ ಭುಜ ಹಿಡಿದು ಎದ್ದರು.

“ಓದು.”

“ಅಮಾಸಿ, ಆರು. ಪಾಡ್ಯ, ಆರು. ಬಿದಿಗೆ, ಮೋಡ ಇತ್ತು. ತದಿಗೆ, ಆರು…”

ಆಕೆ ಓದುತ್ತಲೇ ಇದ್ದರು. ಅವರು ಒಂದೊಂದಕ್ಕೂ ತಲೆಯಾಡಿಸುತ್ತ ಆಕೆಯ ಹಿಂದೆ ಒಳಗೆ ಹೋದರು.