ನಿಲ್ಲಿಸಿ ತೆಗೆಯುವ ಎಕ್ಸ್-ರೇ

ಊದಿದ ಮಣಿಕಟ್ಟು ಹಿಡಿದು ಎಕ್ಸ್-ರೇ ಕೋಣೆಯ ಮುಂದೆ ಕೂತಿದ್ದ ದರ್ಜಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕೇಳುತ್ತಿತ್ತು. ಕಿವಿ ಮುಚ್ಚಿಕೊಳ್ಳಲು ಎರಡೂ ಕೈ ಬೇಕಲ್ಲ! ತಮ್ಮ ಗೋಡೆಗೆ ಬಣ್ಣ ಹೊಡೆಯುವವನು; ಊದಿದ ಪಾದದ ಮೇಲೂ ನೀಲಿ ಹನಿಗಳಿದ್ದವು.

“ನಾನು ಬರೋದ್ರೊಳಗೆ ಡಾಕ್ಟ್ರು ಏನಂದ್ರೋ?”

“ಪಾದದ ನಡುವಿನ ಕೀಲು ಜಾರಿರಬೇಕಂತೆ. ಅಪರೂಪವಂತೆ. ಎಕ್ಸ್-ರೇಲಿ ಹೌದು ಅಂತಾದ್ರೆ ಕುಯ್ದು, ಮೂಳೆ ಕೂರಿಸಿ, ತಂತಿ ಹಾಕ್ತಾರಂತೆ.”

“ಏಣಿಗೆ ಕಾಲು ಸಿಕ್ಕಿ ಬಿದ್ದ ದಿನಾನೇ ಎಕ್ಸ್-ರೇ ತೆಗೆದಿದ್ರಲ್ಲ!”

“ಮಲಗಿಸಿ ತೆಗೆದಿದ್ದಲ್ವಾ? ಕಾಲಿನ ಮೇಲೆ ಭಾರ ಬಿಟ್ಟು ನಿಂತರೇನೇ ಮೂಳೆ ನಡುವಿನ ಸಂದು ಕಾಣೋದಂತೆ.”

ಅಕ್ಕ ಎಕ್ಸ್-ರೇ ಕೋಣೆಯ ಬಾಗಿಲಿನತ್ತ ನೋಡಿದಳು.

“ನಿಲ್ಲಿಸೇ ತೆಗೀಬೇಕು ಅಂತ ಅವತ್ತು ಎಕ್ಸ್-ರೇಯವ್ರು ಬಡ್ಕೊಂಡ್ರು. ನಿಮಗೆ ಕರುಳಿಲ್ವಾ ಅಂತ ಜಗಳಕ್ಕೆ ಬಿದ್ದವಳು ನಾನು.”

“ಜಗಳ ಆಡು ಅಂತ ನಿನ್ನ ಕೈ ಜಗ್ಗಿದ್ದು ನಾನು.”

“ನೀನು ಚಿಕ್ಕೋನು, ಹೆದರಿದ್ದೆ.”

“ಚಿಕ್ಕೋನಾ? ನನ್ನ ಮಗಳು ಕಾಲೇಜಿಗೆ ಹೋಗ್ತಾಳೆ ಕಣೇ.”

“ಬರೀ ಉಳುಕು, ಏಳು ಅಂತ ಮತ್ತೆ ಏಣಿ ಹತ್ತಿಸಿದ್ನಲ್ಲೋ. ಅದೂ ನಾನೇ.”

ತಮ್ಮ ಊದಿದ ಪಾದವನ್ನು ಬೆಂಚಿನ ಕೆಳಗೆ ಎಳೆದುಕೊಂಡ.

ಬಾಗಿಲು ತೆರೆಯಿತು. “ಕಾಲಿನವರು ಬನ್ನಿ. ಈ ಸಲ ನಿಲ್ಲಿಸೇ ತೆಗೀಬೇಕು.”

ಅಕ್ಕನ ಬಾಯಿ ಅಭ್ಯಾಸಬಲದಿಂದ ತೆರೆಯಿತು, ಹಾಗೇ ಮುಚ್ಚಿತು. ತಮ್ಮ ಅವಳ ಹೆಗಲಿಗೆ ಜೋತುಬಿದ್ದು ಕುಂಟುತ್ತ ಒಳಗೆ ಹೋದ. ಅರೆಮುಚ್ಚಿದ ಬಾಗಿಲಾಚೆ ಅವನ ಚೀರಾಟ ಕೇಳಿಸಿತು.

“ಅಯ್ಯೋ, ಅಕ್ಕಾ! ಆಗಲ್ಲ ಅಂತ ಹೇಳೇ!”

“ನಿಂತ್ಕೋ,” ಎಂದಳು ಅವಳು, ಅಳುತ್ತಲೇ. “ಪೂರ್ತಿ ಭಾರ ಬಿಡು.”