ಕಿತ್ತ ಮೇಲೂ ಓಗೊಟ್ಟ ಕೇಬಲ್ಲು

ಬಟ್ಟೆ ಹೊಲಿಯುವಾಕೆ ಲ್ಯಾಬಿನ ಹಾಲಿನಲ್ಲಿ, ಲಿಫ್ಟಿನ ಪಕ್ಕದ ಕುರ್ಚಿಯಲ್ಲಿ ರಿಪೋರ್ಟಿಗಾಗಿ ಕಾಯುತ್ತಿದ್ದಳು. ಪರೀಕ್ಷೆ ಮಾಡಿಸಿಕೊಂಡದ್ದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಪಕ್ಕದಲ್ಲೇ ಲ್ಯಾಬಿನ ಕಂಪ್ಯೂಟರ್ ನೋಡಿಕೊಳ್ಳುವ ಅಕ್ಕ ತಮ್ಮ ಲಿಫ್ಟಿಗೆ ನಿಂತಿದ್ದರು. ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ.

“ರಿಪೋರ್ಟ್ ಇರೋ ಮೆಷಿನ್ನಿಂದ ಒಳಗಿನ ನೆಟ್‌ವರ್ಕಿನ ಕೇಬಲ್ ಕಿತ್ತು ಕೈಯಲ್ಲೇ ಹಿಡ್ಕೊಂಡಿದ್ದೆ ಅಕ್ಕಾ. ಆದ್ರೂ ಈ ಹಾಲಿನ ವೈಫೈಯಿಂದ ನನ್ನ ಫೋನಲ್ಲಿ ಎಲ್ಲರ ರಿಪೋರ್ಟೂ ತೆರ್ಕೊಳ್ತು!”

“ಏನೋ ಹೇಳ್ತಿದ್ದೀಯ! ರಿಪೋರ್ಟು ತೆರೆಯೋ ಐಪಿ ವಿಳಾಸ ಕೊಟ್ಟಿದ್ದು ಆ ಕೇಬಲ್ ಸಿಕ್ಕಿಸೋ ಒಳಗಿನ ನೆಟ್‌ವರ್ಕ್ ಕಾರ್ಡಿಗೆ ತಾನೆ? ವೈಫೈ ಇರೋದು ಅದೇ ಮೆಷಿನ್ನಿನ ಹೊರಗಿನ ಕಾರ್ಡಲ್ಲಿ.”

“ನಾವು ಕೊಟ್ಟಿದ್ದು ಕಾರ್ಡಿಗೆ. ಆಪರೇಟಿಂಗ್ ಸಿಸ್ಟಮ್ ಅದನ್ನ ಇಡೀ ಮೆಷಿನ್ನಿಂದು ಅಂದ್ಕೊಂಡಿದೆ. ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದ್ರೂ ಮುಂಬಾಗಿಲಲ್ಲಿ ಕೂತೋರು ಓಗೊಡಲ್ವಾ, ಹಾಗೆ.”

“ಅಯ್ಯೋ ದೇವರೇ! ಕಾರ್ಡೇ ಬೇರೆ ಬೇರೆ ಇರೋವಾಗ ಪಾಸ್‌ವರ್ಡ್ ಯಾಕೆ ದಂಡಕ್ಕೆ ಅಂದೋಳು ನಾನೇ ಕಣೋ.”

“ಎರಡು ವರ್ಷದಿಂದ ಬಾಯ್ತೆರ್ಕೊಂಡೇ ಬಿದ್ದಿದೆ.”

“ಯಾರಾದ್ರೂ ನೋಡಿದ್ದಾರಾ?”

“ಯಾರ್ಯಾರು ತೆರೆದ್ರು ಅಂತ ಬರೆದಿಡೋ ಲಾಗಲ್ಲಿ ಒಂದೇ ಒಂದು ಫೋನಿದೆ. ವಾರವೆಲ್ಲ ಬಂದಿದೆ. ಈಗ್ಲೂ ನೋಡ್ತಾ ಇದೆ.”

“ಈಗ್ಲೂ? ಅಂದ್ರೆ ಇಲ್ಲೇ...?”

“ಮೆತ್ತಗೆ! ಮೊದ್ಲು ಮೇಲೆ ನಡಿ, ಮೆಷಿನ್ನೇ ಆರಿಸೋಣ.”

ಲಿಫ್ಟ್ ಬಂತು. ಇಬ್ಬರೂ ಒಳನುಗ್ಗಿದರು, ಬಾಗಿಲು ಮುಚ್ಚಿತು.

ಹೊಲಿಯುವಾಕೆ ಸುತ್ತ ನೋಡಿದಳು. ಹಾಲಿನ ತುಂಬ ಜನ, ಎಲ್ಲರ ಕೈಯಲ್ಲೂ ಫೋನು.

“ಮೂವತ್ತೇಳನೇ ನಂಬರ್!” ಎಂದು ಕೌಂಟರಿನವರು ಕೂಗಿದರು. ಅದು ಅವಳದೇ. ಅವಳು ಎದ್ದು ನಿಂತಳು.

ಎದುರು ಸಾಲಿನಲ್ಲಿದ್ದ ಅಪರಿಚಿತನೊಬ್ಬ ಫೋನಿನಿಂದ ತಲೆಯೆತ್ತಿದ. ಅವಳನ್ನೇ ನೋಡಿ, ಪಾಪ ಎನ್ನುವಂತೆ ಲೊಚಗುಟ್ಟಿದ.